ಭಾವನ ಎಲೆಗೆ ಇಟ್ಟ ಕುಪ್ಪಿ

ಆಲೆಟ್ಟಿ
೬-೭-೧೯೮೭

ತಂಗಿ ಲೋಲಾಕ್ಷಿಗೆ, ಅಣ್ಣ ಬೋಜಪ್ಪ ಬರೆಯುವುದು.

ಅಮ್ಮನನ್ನು ಮಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿದೆಯಂತೆ. ನಿನ್ನ ಗಂಡನನ್ನು ಕೊಂಡುಹೋದ ಅದೇ ಕಾಯಿಲೆ. "ಅಮ್ಮ ಸಾರಾಯಿ ವಾಸನೆಗೇ ಮೂಗು ಮುಚ್ಚುವವರು ಡಾಕ್ಟ್ರೇ" ಎಂದೆ. "ಕುಡಿಯದವರಿಗೂ ಬರ್ತದೆ. ಇವರಿಗೆ ಸಕ್ಕರೆ ಕಾಯಿಲೆ ಉಂಟಲ್ಲ? ಲಿವರಿನಲ್ಲಿ ಕೊಬ್ಬು ತುಂಬಿ ಬಾತುಕೊಳ್ತದೆ, ಒಳಗೊಳಗೇ ಗಾಯ ಆಗ್ತದೆ. ಮಾಯುವಾಗ ಕಲೆ ಉಳೀತದೆ. ವರ್ಷಗಟ್ಟಲೆ ಕಲೆಯ ಮೇಲೆ ಕಲೆ" ಎಂದರು. ರಬ್ಬರ್ ಟ್ಯಾಪಿಂಗ್ ಮಾಡುವ ನನಗೆ ಅರ್ಥವಾಯಿತು. ಕತ್ತಿ ಆಳಕ್ಕೆ ತಾಗಿದ ಕಡೆ ತೊಗಟೆ ಗಂಟು ಕಟ್ಟುತ್ತದೆ, ಮತ್ತೆ ಅಲ್ಲಿ ಹಾಲು ಬರುವುದಿಲ್ಲ.

ಭಾವನಿಗೂ ಸಕ್ಕರೆ ಕಾಯಿಲೆ ಇತ್ತು. ಕಳೆದ ಆಟಿ ತಿಂಗಳಲ್ಲಿ ಕಾಣಿಯೂರಿನ ನಿಮ್ಮ ಮನೆಯಲ್ಲಿ ಸತ್ತವರಿಗೆ ಬಡಿಸುವಾಗ, ಅವರವರಿಗೆ ಇಷ್ಟವಾದದ್ದನ್ನು ಇಡಬೇಕೆಂದು ಭಾವನ ಎಲೆಗೆ ನಾನೇ ಸಾರಾಯಿ ಕುಪ್ಪಿ ಇಟ್ಟೆ. "ಅವರು ಮುಟ್ಟಿದವರಲ್ಲ ಅಣ್ಣ" ಎಂದು ನೀನು ಹೇಳಿದೆ. "ಇನ್ನಾದರೂ ಕದ್ದು ಕುಡಿಯುದು ಬೇಡ ಮಾರಾಯ್ತಿ" ಎಂದು ಎಲ್ಲರೆದುರು ನಕ್ಕೆ. ಆಮೇಲೆ ನೀನು ಈ ಕಡೆ ಬರಲಿಲ್ಲ.

ಅಮ್ಮ ನಿನ್ನನ್ನು ಕೇಳುತ್ತಾರೆ. ಮದ್ದಿನ ಚೀಟಿ ಇದರೊಳಗೆ ಉಂಟು. ಇಲ್ಲಿ ಸಿಗುವುದಿಲ್ಲ, ಬರುವಾಗ ಪುತ್ತೂರಿನಿಂದ ತಾ.

ನೀನು ಬೇಡ ಎನ್ನದಿದ್ದರೆ ಈ ಆಟಿಗೂ ಭಾವನಿಗೆ ನಾನೇ ಬಡಿಸುತ್ತೇನೆ. ಅವರಿಗೆ ಎಂತ ಇಷ್ಟ ಇತ್ತೆಂದು ಒಂದು ಕಾರ್ಡು ಬರೆ. ಹದಿನೆಂಟು ವರ್ಷ ಒಟ್ಟಿಗೆ ಉಂಡಿದ್ದೇವೆ, ನನಗೆ ಗೊತ್ತಿಲ್ಲ.

ನಿನ್ನ ಅಣ್ಣ
ಬೋಜಪ್ಪ