ಅಂಗಡಿಯಲ್ಲಿ ಸಿಗದ ಔಷಧಿ: ಫುಟ್‌ಪಾತ್ ಉಸ್ತುವಾರಿಯ ಅಭಿಯಂತರರಿಗೆ

ಮಾನ್ಯ ಅಭಿಯಂತರರೇ,

ನಾನೊಬ್ಬ ಅಪರಾಧಿ. ಸ್ವಸ್ಥಚಿತ್ತನಾಗಿ, ಯಾರ ಒತ್ತಾಯವೂ ಇಲ್ಲದೆ, ಬೆಳಗಿನ ಕಾಫಿ ಕುಡಿದಾದ ಮೇಲೆ ಇದನ್ನು ಒಪ್ಪಿಕೊಳ್ಳುತ್ತಿದ್ದೇನೆ. ಬಿಟಿಎಂ ಲೇಔಟಿನಲ್ಲಿ ಮಕ್ಕಳ ಕ್ಲಿನಿಕ್ ಇಟ್ಟುಕೊಂಡಿರುವ ನಾನು, ಇಡೀ ದಕ್ಷಿಣ ಬೆಂಗಳೂರಿನಲ್ಲಿ ಎಲ್ಲೂ ಸಿಗದ ಔಷಧಿಯೊಂದನ್ನು ಎರಡು ವರ್ಷದಿಂದ ಚೀಟಿಯ ಮೇಲೆ ಬರೆದು ಕೊಡುತ್ತಿದ್ದೇನೆ. ಔಷಧಿಯ ಹೆಸರು ನಡಿಗೆ. ಬೆಳಿಗ್ಗೆ ಒಂದು ಸಲ ಶಾಲೆಗೆ, ಸಂಜೆ ಒಂದು ಸಲ ಮನೆಗೆ. ಸ್ವಲ್ಪ ದೊಡ್ಡ ಮಕ್ಕಳಿಗೆ ಅದರ ಬದಲು ಸೈಕಲ್ ಕೂಡ ಆಗಬಹುದು. ಬರೆಯುವ ಮುನ್ನ ಸ್ಟಾಕ್ ಇದೆಯೇ ಎಂದು ವಿಚಾರಿಸಲಿಲ್ಲ, ಅದೇ ನನ್ನ ಅಪರಾಧ. ಈ ಗುಳಿಗೆ ನುಂಗಲು ಫುಟ್‌ಪಾತ್ ಎಂಬ ನೀರು ಬೇಕು. ಅದರ ಸರಬರಾಜು ತಮ್ಮ ಕೈಯಲ್ಲಿದೆ ಎನ್ನುವುದು ನನಗೆ ತಡವಾಗಿ ತಿಳಿಯಿತು.

ನನ್ನ ಚೀಟಿಯನ್ನು ನಂಬಿದ ಒಂಬತ್ತು ವರ್ಷದ ಹುಡುಗನೊಬ್ಬ ಈಗ ಮುಂಗೈ ಮುರಿದುಕೊಂಡು ಮನೆಯಲ್ಲಿ ಕೂತಿದ್ದಾನೆ. ಮುರಿದದ್ದು ಎರಡು, ಅವನ ಮೂಳೆ ಮತ್ತು ನಿಮ್ಮ ಫುಟ್‌ಪಾತ್. ಪ್ಲಾಸ್ಟರ್ ಬಿದ್ದದ್ದು ಅವನಿಗೆ ಮಾತ್ರ.

“ಡಾಕ್ಟ್ರೇ, ನೀವು ಔಷಧಿ ನೋಡ್ಕೊಳ್ಳಿ, ರಸ್ತೆ ನಾವು ನೋಡ್ಕೋತೀವಿ” ಎಂದು ನಿವಾಸಿಗಳ ಸಂಘದ ಸಭೆಯಲ್ಲಿ, ಹುರಿದ ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತ ತಾವು ಅಪ್ಪಣೆ ಕೊಡಿಸಿದ್ದು ನೆನಪಿದೆ. ನುಡಿದಂತೆ ನಡೆದಿದ್ದೀರಿ, ಸುಳ್ಳು ಹೇಳಬಾರದು. ಅಂದಿನಿಂದ ನೋಡುತ್ತಲೇ ಇದ್ದೀರಿ. ಆದರೆ ಸ್ವಾಮಿ, ಔಷಧಿಯನ್ನೇ ನೋಡಿಕೊಳ್ಳೋಣ ಎಂದು ನಾನು ಕೂತರೂ ರಸ್ತೆ ತಾನಾಗಿ ಕ್ಲಿನಿಕ್ಕಿನೊಳಗೆ ಬರುತ್ತದೆ. ಹೇಗೆಂದು ಕೇಳಿ. ಒಬ್ಬ ತಂದೆ ಮಗನನ್ನು ಕರೆತಂದರು.

“ಸಾರ್, ಎರಡು ಮಹಡಿ ಹತ್ತಿದ್ರೆ ಇವ್ನಿಗೆ ಮೇಲುಸಿರು ಬರುತ್ತೆ. ಏನಾದ್ರೂ ಟಾನಿಕ್ ಬರ್ಕೊಡಿ.”

“ಸ್ಕೂಲಿಗೆ ಹೇಗೆ ಹೋಗ್ತಾನೆ?”

“ಕಾರಲ್ಲಿ ಬಿಡ್ತೀನಿ.”

“ದೂರಾನಾ?”

“ಇಲ್ಲೇ ಸಾರ್. ಬಾಲ್ಕನಿಲಿ ನಿಂತ್ರೆ ಸ್ಕೂಲ್ ಬೆಲ್ ಕೇಳ್ಸುತ್ತೆ.”

“ಹಾಗಾದ್ರೆ ನಡೆಸ್ರೀ.”

“ಎಲ್ಲಿ ಸಾರ್?”

ಈ ‘ಎಲ್ಲಿ’ ಎಂಬ ಎರಡಕ್ಷರಕ್ಕೆ ನಾನು ಓದಿದ ವೈದ್ಯಶಾಸ್ತ್ರದಲ್ಲಿ ಉತ್ತರವಿಲ್ಲ. ತಾವು ಓದಿದ ಸಿವಿಲ್ ಇಂಜಿನಿಯರಿಂಗಿನಲ್ಲಿ ಇದೆಯಂತೆ. ಆ ಪಾಠದ ದಿನ ತಾವು ರಜೆಯಲ್ಲಿದ್ದಿರೋ ಏನೋ. ಮಕ್ಕಳ ಬೊಜ್ಜಿಗೆ, ಸೋತ ಕಾಲಿಗೆ, ಬಿಸಿಲು ಕಾಣದ ಮೂಳೆಗೆ, ಕೂತು ಕೂತು ಬೇಸತ್ತ ಮನಸ್ಸಿಗೆ ದಿನಾ ಒಂದಿಷ್ಟು ಹೆಜ್ಜೆಯಷ್ಟು ಅಗ್ಗದ ಮದ್ದು ಬೇರೆ ಇಲ್ಲ. ಅದನ್ನು ಹೇಳಬೇಕಾದವನು ವೈದ್ಯ. ಹೆತ್ತವರಿಗೆ ಹೇಳಬೇಕು, ಶಾಲೆಗೆ ಹೇಳಬೇಕು, ಕೊನೆಗೆ ತಮ್ಮಂಥವರಿಗೂ ಹೇಳಬೇಕು. ಗಂಟಲು ಪರೀಕ್ಷಿಸುವವನಿಗೆ ಗಂಟಲು ಎತ್ತುವ ಹಕ್ಕಿಲ್ಲವೇ?

ಬರೀ ಚೀಟಿ ಬರೆದರೆ ಸಾಲದೆಂದು ಶುಕ್ರವಾರದ ಸಾಲು ಶುರುಮಾಡಿದೆ. ಬೆಳಿಗ್ಗೆ ಮಕ್ಕಳು ನನ್ನ ಕ್ಲಿನಿಕ್ಕಿನ ಬಾಗಿಲಲ್ಲಿ ಸೇರುತ್ತಾರೆ. ಅಲ್ಲಿಂದ ಎಡಕ್ಕೆ ತಿರುಗಿ ಶಾಲೆಯ ತನಕ ಒಟ್ಟಾಗಿ ನಡಿಗೆ. ನನ್ನ ಹೆಂಡತಿ ಕಾತ್ಯಾಯಿನಿಯ ಹಳೆಯ ನೂಲಿನ ಸೀರೆಯನ್ನು ಹಗ್ಗದ ಹಾಗೆ ಹೊಸೆದಿದ್ದೇವೆ, ಎಲ್ಲರೂ ಅದನ್ನು ಹಿಡಿದುಕೊಳ್ಳಬೇಕು. ಮುಂದೆ ನಾನು, ಬಿಳಿ ಕೋಟು, ಕೊರಳಲ್ಲಿ ಸ್ಟೆತಾಸ್ಕೋಪು. ಹಿಂದೆ ನಮ್ಮ ನರ್ಸ್ ಹಂಸಾ, ಕೈಯಲ್ಲಿ ಸೀಟಿ. ಕೋಟು ಶೋಕಿಗಲ್ಲ. ರಸ್ತೆಯ ಬಿಳಿ ಪಟ್ಟೆ ಕಂಡರೆ ನಿಲ್ಲದ ವಾಹನಗಳು ಬಿಳಿ ಕೋಟು ಕಂಡರೆ ನಿಲ್ಲುತ್ತವೆ, ಯಾರಿಗೋ ಸೀರಿಯಸ್ಸಾಗಿರಬೇಕು ಎಂಬ ಮರ್ಯಾದೆಗೆ. ಬಿಳಿ ಪಟ್ಟೆ ಎಂದರೂ ತಪ್ಪಾದೀತು. ಶಾಲೆಯ ಮುಂದೆ ತಾವು ಬಳಿಸಿದ ಜೀಬ್ರಾ ಮೊದಲ ಮಳೆಗೇ ಪಟ್ಟೆ ಕಳೆದುಕೊಂಡಿತು. ಪಟ್ಟೆ ಕಳೆದುಕೊಂಡ ಜೀಬ್ರಾಗೆ ನಮ್ಮ ಕನ್ನಡದಲ್ಲಿ ಕತ್ತೆ ಎನ್ನುತ್ತಾರೆ, ಅದನ್ನು ನಂಬಿ ರಸ್ತೆ ದಾಟುವವರಿಗೂ ಅದೇ ಹೆಸರು.

ಒಂದು ಶುಕ್ರವಾರ ಆಟೋದವರೊಬ್ಬರು ಬ್ರೇಕ್ ಹಾಕಿ, ನಮ್ಮ ಮೆರವಣಿಗೆ ನೋಡಿ ಕೂಗಿದರು: “ಏನ್ ಡಾಕ್ಟ್ರೇ, ಇಡೀ ವಾರ್ಡೇ ಡಿಸ್ಚಾರ್ಜಾ?” ಮಕ್ಕಳು ಶಾಲೆ ಮುಟ್ಟುವ ತನಕ ನಕ್ಕರು. ನಡೆಯುತ್ತ ನಗುವ ಮಕ್ಕಳನ್ನು ತಾವು ನೋಡಿ ಎಷ್ಟು ಕಾಲವಾಯಿತು?

ಆ ಸಾಲಿನ ತಲೆಯಾಳು ಮಯೂರ್. ಬಾಗಲಕೋಟೆ ಕಡೆಯಿಂದ ಬಂದು, ನಮ್ಮ ಕ್ಲಿನಿಕ್ಕಿನ ಬಲಕ್ಕಿರುವ ಕ್ರಾಸಿನಲ್ಲಿ ಬಾಡಿಗೆಗಿರುವ ಪ್ರಿಯಾಂಕಾ ಅವರ ಮಗ. ಮೊದಲ ಸಲ ಬಂದಾಗ ತೂಕದ ಯಂತ್ರ ಹತ್ತಲು ಒಪ್ಪಿರಲಿಲ್ಲ. ತರಗತಿಯಲ್ಲಿ ಬೋಂಡಾ ಎಂದು ಕರೆಯುತ್ತಿದ್ದರಂತೆ. ನಡೆಯಲು ಹಚ್ಚಿದೆ. ಬರಬರುತ್ತ ಮೇಲುಸಿರು ಇಳಿಯಿತು, ಮಾತು ಏರಿತು. ದಾರಿಯ ನಾಯಿಗಳಿಗೆಲ್ಲ ಹೆಸರಿಟ್ಟ. ಹೆಸರಿಗೆ ತಕ್ಕ ನವಿಲಾಗಿ ಸಾಲಿನ ಮುಂದೆ ಕೊಂಚ ಕುಣಿದೇ ನಡೆಯುತ್ತಿದ್ದ. ಖುಷಿಯಾಗಿ, ‘ಇನ್ನು ಸೈಕಲ್’ ಎಂದು ಬಡ್ತಿ ಚೀಟಿ ಬರೆದೆ. ‘ಹೆಲ್ಮೆಟ್ ಇಲ್ಲದೆ ಇಲ್ಲ’ ಎಂದು ಕೆಳಗೆ ಗೆರೆ ಎಳೆದೆ. ತಾಯಿ ಪಕ್ಕದಲ್ಲಿ ನಡೆಯುವುದು, ಮಗ ಫುಟ್‌ಪಾತಿನ ಮೇಲೆ ಮೆಲ್ಲಗೆ ತುಳಿಯುವುದು, ಹೀಗೆ ಒಪ್ಪಂದವಾಯಿತು.

ಎರಡನೆಯ ವಾರವೇ ಅವನನ್ನು ಎತ್ತಿಕೊಂಡು ಪ್ರಿಯಾಂಕಾ ಓಡಿಬಂದರು. ಹೆಲ್ಮೆಟ್ ತಲೆಯನ್ನು ಉಳಿಸಿತ್ತು. ಕೈ ಬಾಗಬಾರದ ಕಡೆ ಬಾಗಿತ್ತು.

“ಫುಟ್‌ಪಾತ್ ಮ್ಯಾಲ ಅಡ್ಡ ಕಟ್ಯಾರ್ರೀ ಸರ. ಸೈಕಲ್ ಕೆಳಗ ಇಳಿಸಿದ್ವಿ, ಎದುರಿಂದ ರಾಂಗ್ ಸೈಡಿನ್ಯಾಗ ಸ್ಕೂಟರ್ ಬಂತು.”

“ಯಾರಮ್ಮ ಅಡ್ಡ ಕಟ್ಟಿರೋದು?”

ಆಕೆ ನನ್ನ ಮುಖ ನೋಡಿದರು, ನೆಲ ನೋಡಿದರು. “ಇರ್ಲಿ ಬಿಡ್ರಿ ಸರ. ದೊಡ್ಡ ಮಂದಿ. ಪ್ಲಾಸ್ಟರ್ ತಗದ ಮ್ಯಾಲ ಇವನ್ನ ವ್ಯಾನಿಗೆ ಹಾಕ್ತೀನಿ.”

ಅಷ್ಟು ನೋವಿನಲ್ಲೂ ಹುಡುಗ ನನ್ನ ಕೋಟು ಜಗ್ಗಿದ. “ಡಾಕ್ಟರ್, ವ್ಯಾನ್ ಬೇಡ ಅಂತ ಚೀಟಿ ಬರ್ಕೊಡಿ.”

ನನ್ನ ವೃತ್ತಿಜೀವನದಲ್ಲಿ ಒಂದು ಮಗು ಬಾಯಿಬಿಟ್ಟು ಕೇಳಿದ ಏಕೈಕ ಔಷಧಿ ಇದು. ಬರೆದುಕೊಡಲಾಗಲಿಲ್ಲ. ಬದಲಿಗೆ ಮಾತು ಕೊಟ್ಟೆ: ನಿನ್ನ ಪ್ಲಾಸ್ಟರ್ ತೆಗೆಯುವುದರೊಳಗೆ ದಾರಿ ಸರಿಮಾಡಿಸುತ್ತೇನೆ. ಆಮೇಲಿನ ಶುಕ್ರವಾರ ಸಾಲಿಗೆ ಅರ್ಧಕ್ಕರ್ಧ ಮಕ್ಕಳು ಬರಲಿಲ್ಲ. ತಾಯಂದಿರು ಹೆದರಿದ್ದಾರೆ, ಅವರ ತಪ್ಪೇನು? ಕಾಲುದಾರಿ ಎಂದು ನಂಬಿ ಕಳಿಸಿದರೆ ಅದು ಕಾಲನ ದಾರಿಯಾಗಿದ್ದರೆ ಯಾರು ತಾನೆ ಕಳಿಸಿಯಾರು?

ಯಾರು ಸ್ವಾಮಿ ಈ ದೊಡ್ಡ ಮಂದಿ? ತಮ್ಮ ಆಳ್ವಿಕೆಯಲ್ಲಿ ಅಭ್ಯರ್ಥಿಗಳಿಗೆ ಬರವಿಲ್ಲ. ಫುಟ್‌ಪಾತ್ ಮೇಲೆ ತುಳಸಿ, ದಾಸವಾಳ ಬೆಳೆದು ಸುತ್ತ ಕಬ್ಬಿಣದ ಬೇಲಿ ಹಾಕಿ, ಪರಿಸರಪ್ರೇಮಿ ಎನ್ನಿಸಿಕೊಂಡವರಿರಬಹುದು. ಜನರೇಟರನ್ನು ಹೊರಗೆ ಕೂರಿಸಿ ಅದರ ಹೊಗೆಯನ್ನು ಸಾರ್ವಜನಿಕರಿಗೆ ದಾನ ಮಾಡಿದ ಅಂಗಡಿಯವರಿರಬಹುದು. ಕಾರನ್ನು ಫುಟ್‌ಪಾತ್ ಹತ್ತಿಸಿ, ಮನುಷ್ಯರನ್ನು ರಸ್ತೆಗಿಳಿಸುವ ಗಣ್ಯರಿರಬಹುದು. ಅವರನ್ನಂತೂ ಕಂಡರೆ ನನಗೆ ಇಂಜೆಕ್ಷನ್ ಚುಚ್ಚುವ ಆಸೆಯಾಗುತ್ತದೆ, ಔಷಧಿ ಇಲ್ಲದೆ, ಬರೀ ಸೂಜಿ. ಹಸಿರು ಬಣ್ಣ ಬಳಿದು ಸೈಕಲ್ ಪಥ ಎಂದು ತಾವು ಉದ್ಘಾಟಿಸಿದ ಕಡೆ ಈಗ ನಡೆಯುತ್ತಿರುವುದು ಸೈಕಲ್ ಪತನ. ಪಾದಚಾರಿಗೆ ಉಪಚಾರ ಮಾಡುವುದು ನನ್ನ ಕೆಲಸ, ಅಪಚಾರ ಮಾಡುವುದು ತಮ್ಮ ಕೆಲಸ ಎಂದು ಇಲಾಖೆಗಳ ನಡುವೆ ಹಂಚಿಕೆಯಾಗಿದೆಯೇ?

ಈ ವಿಷಯದಲ್ಲಿ ನಾನು ಬಾಯಿಮಾತಿನವನಲ್ಲ. ಕಾಲಿದ್ದವರಿಗೂ ಇಲ್ಲದವರಿಗೂ ದಾರಿ ಬಿಡುವುದು ಹೇಗೆಂದು ತಮಗೆ ತೋರಿಸಿಕೊಟ್ಟವನೇ ನಾನು. ಗಾಲಿಕುರ್ಚಿಯ ಮಕ್ಕಳು ಬರಲೆಂದು ಕ್ಲಿನಿಕ್ಕಿನ ಬಾಗಿಲಿಗೆ ಸ್ವಂತ ದುಡ್ಡಿನಲ್ಲಿ ಗ್ರಾನೈಟಿನ ಇಳಿಜಾರು ಕಟ್ಟಿಸಿದೆ, ಸ್ಟೀಲಿನ ಹಿಡಿಕಂಬಿಯ ಸಮೇತ. ಸಂಘದವರು ಅದಕ್ಕಾಗಿ ಶಾಲು ಹೊದಿಸಿದರು. ಆ ಸಮಾರಂಭಕ್ಕೆ ಮುಖ್ಯ ಅತಿಥಿ ತಾವೇ. “ಪ್ರತಿಯೊಬ್ಬ ನಾಗರಿಕನೂ ಡಾಕ್ಟರಂತೆ ಯೋಚಿಸಬೇಕು” ಎಂದು ಆ ಇಳಿಜಾರಿನ ಮೇಲೇ ನಿಂತು ಹೇಳಿದಿರಿ. ಫೋಟೋ ನನ್ನ ಟೇಬಲ್ಲಿನ ಹಿಂದೆ ತೂಗುತ್ತಿದೆ.

ತಮ್ಮ ಆ್ಯಪಿನಲ್ಲಿ ದೂರು ಕೊಟ್ಟೆ. ಮಧ್ಯಾಹ್ನದೊಳಗೆ ‘ದೂರು ಪರಿಹರಿಸಲಾಗಿದೆ’ ಎಂದು ಉತ್ತರ, ಜೊತೆಗೆ ಸ್ವಚ್ಛವಾದ ಫುಟ್‌ಪಾತಿನ ಚಿತ್ರ. ಹಿಂದೆ ತೆಂಗಿನಮರ, ಅದರಾಚೆ ಸಮುದ್ರ. ಬಿಟಿಎಂ ಲೇಔಟಿಗೆ ಸಮುದ್ರ ತಂದ ತಮಗೆ ಫುಟ್‌ಪಾತ್ ತರುವುದು ಕಷ್ಟವೇ? ಮತ್ತೆ ದೂರು ಕೊಟ್ಟೆ. ಒತ್ತುವರಿಯ ನಿಖರ ವಿಳಾಸ ಕೊಡಿ, ಇಲ್ಲವಾದರೆ ಕಡತ ಮುಚ್ಚುತ್ತೇವೆ ಎಂದಿರಿ.

ಆದ್ದರಿಂದ ನನ್ನ ಬೇಡಿಕೆ ಹೀಗಿದೆ. ಮಯೂರನ ಪ್ಲಾಸ್ಟರ್ ತೆಗೆಯುವ ಮುನ್ನ ಅವನ ಮನೆಯಿಂದ ಶಾಲೆಯ ತನಕ ಫುಟ್‌ಪಾತ್ ಮೇಲಿರುವ ಪ್ರತಿ ಅಡ್ಡಿಯನ್ನೂ ಒಡೆಯಬೇಕು. ಶಾಲೆಯ ಮುಂದೆ ಕತ್ತೆಯನ್ನು ಮತ್ತೆ ಜೀಬ್ರಾ ಮಾಡಬೇಕು, ಅದಕ್ಕೂ ಮೊದಲು ಬರುವ ವಾಹನಗಳ ವೇಗ ಇಳಿಸುವ ಉಬ್ಬು ಹಾಕಬೇಕು. ಒಡೆಯುವಾಗ ಯಾರ ಮುಖವನ್ನೂ ನೋಡಬಾರದು. ಒತ್ತುವರಿದಾರ ಎಷ್ಟೇ ದೊಡ್ಡವನಿರಲಿ, ಯಾವ ಸಮಾರಂಭದಲ್ಲಿ ತಮ್ಮ ಪಕ್ಕ ಕೂತವನಿರಲಿ, ಮೊದಲ ಸುತ್ತಿಗೆ ಅವನ ಮೇಲೇ ಬೀಳಬೇಕು.

ಇಷ್ಟು ಬರೆದು, ವಿಳಾಸವೊಂದನ್ನು ಸೇರಿಸಿ ಪತ್ರಿಕೆಗೆ ಕಳಿಸೋಣ ಎಂದು ಪ್ರಿಯಾಂಕಾ ಅವರಿಗೆ ಫೋನ್ ಮಾಡಿದೆ.

“ಆ ದೊಡ್ಡ ಮಂದಿ ಯಾರು ಅಂತ ಈಗ್ಲಾದ್ರೂ ಹೇಳಮ್ಮ. ಪೇಪರ್‌ನಲ್ಲಿ ಹಾಕಿ ಮಾನ ಕಳೀತೀನಿ.”

“ಬ್ಯಾಡ್ರಿ ಸರ.”

“ಹೆದರ್ಕೋಬೇಡಿ. ನಾನಿದೀನಿ.”

“ಅದಕ್ಕ ಹೆದರೀನ್ರಿ. ನೀವ ಇದ್ದೀರಿ. ನಿಮ್ಮ ದವಾಖಾನಿ ಮುಂದಿಂದು ಆ ಕಲ್ಲಿನ ಜಾರಬಂಡಿ ಐತಲ್ರಿ, ಅಲ್ಲೇ ಸರ. ಫುಟ್‌ಪಾತ್ ಪೂರಾ ಹಿಡದೈತಿ. ಆ ಕಡೆ ಕಬ್ಬಿಣದ ಹಿಡಿಕಿ, ಸೈಕಲ್ ಹಾಯಂಗಿಲ್ಲ. ನಮ್ಮ ಮಗನ್ನ ನೋಡೋ ಡಾಕ್ಟ್ರಿಗೆ ಹೆಂಗ ಹೇಳೂದು ಅಂತ ಸುಮ್ನಿದ್ದೆ.”

ಕ್ಲಿನಿಕ್ಕಿನಿಂದ ಹೊರಗೆ ಹೋಗಿ ನೋಡಿದೆ. ಐತಿ. ನನ್ನ ಸಾಲು ಹೊರಡುವುದೇ ಆ ಇಳಿಜಾರಿನ ಮೇಲಿಂದ, ಹೋಗುವುದು ಎಡಕ್ಕೆ. ಬಲಗಡೆಯಿಂದ ಬರುವವರು ಅದನ್ನು ದಾಟಲು ರಸ್ತೆಗೆ ಇಳಿಯಲೇಬೇಕೆನ್ನುವುದು ಬಲಗಡೆಯಿಂದ ಒಮ್ಮೆಯೂ ನಡೆದು ಬಾರದ ನನಗೆ ಹೊಳೆಯಲಿಲ್ಲ. ಕಾನೂನು ಜಾರಿ ಮಾಡಬೇಕಾದ ತಾವೂ ಅಂದು ಅದೇ ಇಳಿಜಾರಿನಲ್ಲಿ ಜಾರಿ, ಚಪ್ಪಾಳೆ ಹೊಡೆದು ಹೋದಿರಿ. ಮೇಲಿನ ಬೈಗುಳಗಳನ್ನು ಹರಿದು ಹಾಕಬಹುದಿತ್ತು. ಹಾಕಿಲ್ಲ. ಒಂದೂ ಪದ ವ್ಯರ್ಥವಲ್ಲ, ಹಂಚಿಕೊಳ್ಳಲು ನಾವೀಗ ಇಬ್ಬರಿದ್ದೇವೆ ಅಷ್ಟೆ.

ಬೇಡಿಕೆ ಬದಲಾಗಿಲ್ಲ. ತಾವು ಕೇಳಿದ ನಿಖರ ವಿಳಾಸ ಈ ಪತ್ರದ ಕೆಳಗೇ ಇದೆ. ಮೊದಲ ಸುತ್ತಿಗೆ ಅಲ್ಲಿಗೆ ಬೀಳಲಿ. ಗಾಲಿಕುರ್ಚಿಗೆ ಬೇಕಾದ ಇಳಿಜಾರನ್ನು ನನ್ನ ವೇಟಿಂಗ್ ಹಾಲಿನೊಳಗೆ, ನನ್ನದೇ ಜಾಗದಲ್ಲಿ ಕಟ್ಟಿಸುತ್ತೇನೆ, ಎರಡು ಸೋಫಾ ಹೋದರೆ ಹೋಗಲಿ. ಎರಡನೆಯ ಸುತ್ತಿಗೆ ಪಕ್ಕದವರಿಗೆ, ಮೂರನೆಯದು ಅವರ ಪಕ್ಕದವರಿಗೆ. ನನ್ನದನ್ನು ಒಡೆದು ಫೋಟೋ ತೆಗೆಸಿಕೊಂಡು ಮನೆಗೆ ಹೋದಿರೋ, ಮುಂದಿನ ಬಹಿರಂಗ ಪತ್ರವನ್ನು ಪ್ರಿಯಾಂಕಾ ಅವರ ಕೈಲಿ ಅವರ ಭಾಷೆಯಲ್ಲೇ ಬರೆಸುತ್ತೇನೆ. ಅದರಲ್ಲಿ ನನ್ನಷ್ಟು ನಯ ಇರುವುದಿಲ್ಲ.

ಇಂತಿ, ಹೆಸರಲ್ಲೇ ‘ಅಚಲ’ ಇಟ್ಟುಕೊಂಡು ಊರಿಗೆಲ್ಲ ನಡಿಗೆ ಬೋಧಿಸಿದ,
ಡಾ. ವೆಂಕಟಾಚಲ
ಮಕ್ಕಳ ವೈದ್ಯ ಹಾಗೂ ದೊಡ್ಡ ಮಂದಿ
ಗ್ರಾನೈಟ್ ಜಾರಬಂಡಿಯ ಕ್ಲಿನಿಕ್, ಬಿಟಿಎಂ ಲೇಔಟ್

ವಿ.ಸೂ.: ಒಡೆಯಲು ಬರುವವರಿಗೆ ಇಳಿಜಾರಿನ ಪಕ್ಕ ಫುಟ್‌ಪಾತ್ ಹತ್ತಿಸಿ ನಿಲ್ಲಿಸಿದ ಬೂದು ಬಣ್ಣದ ಕಾರೊಂದು ಅಡ್ಡ ಬಂದೀತು. ಕೀ ಹಂಸಾ ಹತ್ತಿರ ಇದೆ. ಅದೂ ನನ್ನದೇ. ಜಯನಗರದಿಂದ ದಿನಾ ಅದರಲ್ಲೇ ಬರುತ್ತೇನೆ.