ನಾಲ್ಕು ಬೆರಳು ಮಡಚುವಷ್ಟು ಮೌನ

ಪೂಜ್ಯ ದೊಡ್ಡ ಅಕ್ಕೋರಿಗೆ,

ಶಾಂತಾಬಾಯಿ ಭೀಮರಾಯ ಕಟ್ಟಿಮನಿ, ನಿವೃತ್ತ ಸಹಶಿಕ್ಷಕಿ, ಮೂವತ್ನಾಲ್ಕು ವರ್ಷಗಳ ಸೇವೆ, ಸದ್ಯದ ವಾಸ ಶಹಾಪುರ. ಹೆಸರು ಮತ್ತು ಸೇವಾವಧಿ ಇಲ್ಲದ ಕಾಗದವನ್ನು, ಮುಖ್ಯೋಪಾಧ್ಯಾಯಿನಿಯಾಗಿದ್ದಾಗ, ನೀವು ಓದದೆ ಹಿಂದಿರುಗಿಸುತ್ತಿದ್ದಿರಿ. ನೀವು ಅಗಲಿ ಮೂರು ವರ್ಷವಾದರೂ ಆ ನಿಯಮ ಮೀರುವ ಧೈರ್ಯ ನನಗಿಲ್ಲ. ಆದರೆ ಇಂದು ಅಕ್ಷರಗಳು ಸಾಲು ಬಿಟ್ಟು ಓಡುತ್ತಿವೆ, ಮನ್ನಿಸಬೇಕು. ಸುದ್ದಿಯೇ ಅಂಥದು!

ಸುರಪುರದ ಕಡೆಯ ನಮ್ಮ ಶಾಲೆಯಲ್ಲಿ ಆ ಉಕ್ತಲೇಖನದ ಮಧ್ಯಾಹ್ನ ನಿಮಗೆ ನೆನಪಿರಲೇಬೇಕು. ಎಂಟನೆಯ ತರಗತಿಯ ಮಲ್ಲಮ್ಮ ಮೊದಲ ಸಾಲಿನಲ್ಲಿ ಬರೆಯುತ್ತಿದ್ದಳು. ಅವಳ ಸೋದರಮಾವ ಬಾಗಿಲಲ್ಲಿ ನಿಂತು, "ಇಕಿನ್ನ ಕಳಸ್ರಿ ಬಾಯಾರ, ಅವ್ವ ಹತ್ತಿ ಬಿಡಸಾಕ ಹೋಗ್ಯಾಳ, ಕೂಸಿನ್ನ ಹಿಡಕೊಳ್ಳಾಕ ಯಾರೂ ಇಲ್ಲ" ಎಂದ. ಹುಡುಗಿ ಪೆನ್ನು ಅಲ್ಲಿಯೇ ಇಟ್ಟು ಎದ್ದಳು. ಮತ್ತೆ ಬರಲಿಲ್ಲ. ನೀವು ಆ ವಾಕ್ಯವನ್ನು ತರಗತಿಗೆ ಪೂರ್ತಿ ಹೇಳಲಿಲ್ಲ. ಅವಳ ನೋಟುಪುಸ್ತಕವನ್ನು ಕಪಾಟಿನಲ್ಲಿಟ್ಟಿರಿ. ಕೊನೆಯ ದಿನಗಳಲ್ಲಿ ಅದನ್ನು ನನ್ನ ಕೈಗೆ ಕೊಟ್ಟು, "ಶಾಂತಾ, ಅರ್ಧಾ ಉಳದದ ನೋಡು" ಎಂದಿರಿ. ಅಷ್ಟೇ. ಇನ್ನೊಂದು ಮಾತು ಹೇಳುವವರಿದ್ದಿರೇನೋ...

ಮಲ್ಲಮ್ಮನನ್ನು ಗಂಡನ ಊರು ಬೋನಾಳದಲ್ಲಿ ಪತ್ತೆಹಚ್ಚಿದೆ. ಎರಡು ಮಕ್ಕಳ ತಾಯಿ. ಅವಳಂತೆಯೇ ಓದು ಬಿಟ್ಟ ಸಹಪಾಠಿ ಸಾಬಮ್ಮ ಈಗ ಕೊಡೇಕಲ್ಲಿನ ಸೊಸೆ. ಇಬ್ಬರೂ ಖಾಸಗಿಯಾಗಿ ಹತ್ತನೆಯ ತರಗತಿ ಪರೀಕ್ಷೆಗೆ ಕೂರಲು ಒಪ್ಪಿದರು. ನನ್ನ ಮೊಣಕಾಲು ನಿತ್ಯ ಬಸ್ಸಿನ ಮೆಟ್ಟಿಲು ಹತ್ತಲು ಒಪ್ಪಲಿಲ್ಲ. ಹೀಗಾಗಿ ದಿನವೂ ಮಧ್ಯಾಹ್ನ ಮೂರಕ್ಕೆ ಇಬ್ಬರನ್ನೂ ಇಂಟರ್ನೆಟ್ಟಿನ ಒಂದೇ ಕರೆಯಲ್ಲಿ ಕೂಡಿಸಿದೆ. ಮಲ್ಲಮ್ಮನ ಅತ್ತೆ ಮೊದಲ ದಿನವೇ ಫೋನಿಗೆ ಬಾಯಿ ಹಚ್ಚಿ, "ಇದೊಂದ ಸಲ ನೋಡ್ರಿ ಬಾಯಾರ. ಆಗ್ಲಿಲ್ಲಂದ್ರ ಪುಸ್ತಕಾ ಗಂಟ ಕಟ್ಟಿ ಮ್ಯಾಲಿಡ್ತೀನಿ" ಎಂದು ತೀರ್ಪು ಕೊಟ್ಟರು.

ಮೊದಲ ತಿಂಗಳ ಪಾಡು ಏನೆಂದು ಹೇಳಲಿ? ಬೋನಾಳದಲ್ಲಿ ನೆಟ್ ಆಮೆಯಂತೆ ತೆವಳುತ್ತದೆ. ಮುಖ ನೋಡುವ ಆಸೆ ಬಿಟ್ಟು ಬರೀ ಧ್ವನಿಗೆ ಬಂದೆವು. ಸಿಗ್ನಲ್ ಸಿಗಲೆಂದು ಮಲ್ಲಮ್ಮ ಪುಸ್ತಕ ಕಟ್ಟಿಕೊಂಡು ಮಾಳಿಗೆ ಏರಿದಳು. ಆದರೂ ನನ್ನ ಮಾತು ಅವರಿಗೆ ತುಂಡು ತುಂಡಾಗಿಯೇ ತಲುಪುತ್ತಿತ್ತು. ತಪ್ಪು ನನ್ನದೇ, ಅಕ್ಕೋರೇ. ಹಿರಿಯರು ಮಾತಾಡುವಾಗ ಹೂಂಗುಟ್ಟದಿದ್ದರೆ ಅದು ಉದ್ಧಟತನವೆಂದು ನಾವೇ ಕಲಿಸಿದವರಲ್ಲವೇ? ಅವರು ಮೌನವಾದರೆ ನಾನು ರೇಗುತ್ತಿದ್ದೆ: "ಕೇಳಾಕತ್ತೀರೋ ಇಲ್ಲೋ? ಒಂದೊಂದ್ ಮಾತಿಗೂ ಹ್ಞಾಂ ಅನ್ರಿ!" ಪಾಪ, ಇಬ್ಬರೂ ಎರಡು ಕಡೆಯಿಂದ "ಹ್ಞಾಂ ರಿ, ಹ್ಞಾಂ ರಿ" ಎಂದು ಸುರಿಮಳೆಗರೆದರು.

ಕಡೆಗೊಂದು ದಿನ ಸಾಬಮ್ಮನೇ ಬಾಯಿಬಿಟ್ಟಳು. "ಟೀಚರ್, ಸಿಟ್ಟಾಗಬ್ಯಾಡ್ರಿ. ನಾವು ಹ್ಞಾಂ ಅಂದಾಗೆಲ್ಲ ನಿಮ್ಮ ಮಾತು ಕಟ್ ಆಗಾಕತ್ತದ. ಮರ್ಯಾದಿ ಕೊಟ್ಟು ಕೊಟ್ಟು ತ್ರಿಕೋನ ಪೂರಾ ಹೋತ್ರಿ."

ಮಲ್ಲಮ್ಮ ಕಿಸಕ್ಕನೆ ನಕ್ಕಳು. ಆ ನಗುವಿಗೂ ಒಂದು ಪ್ರಮೇಯ ಬಲಿಯಾಯಿತು.

ಆಗ ನನ್ನ ಕಣ್ಣ ಮುಂದೆ ನಿಂತದ್ದು ನಿಮ್ಮ ಎಡಗೈ. ಉಕ್ತಲೇಖನ ಹೇಳುವಾಗ ನಾಲ್ಕೇ ಶಬ್ದ ಹೇಳಿ, ಸೆರಗಿನ ಮರೆಯಲ್ಲಿ ಒಂದೊಂದಾಗಿ ನಾಲ್ಕು ಬೆರಳು ಮಡಚಿ, ಆಮೇಲಷ್ಟೇ ಮುಂದಿನ ತುಂಡಿಗೆ ಹೋಗುತ್ತಿದ್ದ ಆ ಕೈ! ಮರುದಿನದಿಂದ ಅದೇ ಪದ್ಧತಿ. ನಾನು ಒಂದು ತುಂಡು ಹೇಳುವುದು, ನಾಲ್ಕು ಬೆರಳು ಮಡಚುವುದು, ಆ ಮೌನದಲ್ಲಿ ಒಬ್ಬಳು ಕೊನೆಯ ಶಬ್ದವನ್ನಷ್ಟೇ ತಿರುಗಿ ಹೇಳುವುದು. ಹೂಂಗುಟ್ಟುವುದು ಸಂಪೂರ್ಣ ನಿಷಿದ್ಧ. ಅಕ್ಕೋರೇ, ಅದೇ ಬಡಕಲು ನೆಟ್‌ನಲ್ಲಿ ಪೈಥಾಗೊರಸ್‌ನ ಪ್ರಮೇಯ ಶಹಾಪುರದಿಂದ ಹೊರಟು ಒಂದು ಭುಜವೂ ಮುರಿಯದೆ ಬೋನಾಳ ಮುಟ್ಟಿತು! ಮೂವತ್ನಾಲ್ಕು ವರ್ಷ ನಾನು ಎಷ್ಟು ಅವಸರದಿಂದ ಪಾಠ ಹೇಳಿದೆ ಎಂಬುದು ಕೂಡ ಅಂದೇ ತಿಳಿಯಿತು. ಇದನ್ನು ನಿಮ್ಮ ಹೊರತು ಯಾರ ಬಳಿ ಒಪ್ಪಿಕೊಳ್ಳಲಿ?

ಇಂದು ಬೆಳಿಗ್ಗೆ ಹನ್ನೊಂದಕ್ಕೆ ಫಲಿತಾಂಶ ಪ್ರಕಟವಾಯಿತು. ಕರೆ ಬಂತು. "ಟೀಚರ್, ರಿಸಲ್ಟ್ ನೋಡೀನ್ರಿ, ನಾನು..." ಎಂದಳು ಮಲ್ಲಮ್ಮ. ಧ್ವನಿ ನಿಂತಿತು. ಹಲೋ ಎಂದು ಕೂಗಲು ಬಾಯಿ ತೆರೆದೆ, ಮುಚ್ಚಿದೆ. ಈಗ ನಾನು ಬಾಯಿ ಹಾಕಿದರೆ ಬರುವ ಮಾತೂ ಬರಲಿಕ್ಕಿಲ್ಲ. ಕಿರುಬೆರಳು ಮಡಚಿದೆ. ಉಂಗುರದ ಬೆರಳು. ಅತ್ತೆ ಕಟ್ಟುವ ಗಂಟು ಕಣ್ಣಿಗೆ ಬಂತು. ನಡುಬೆರಳು. ತೋರುಬೆರಳು ಮಡಚಲು ಮನಸ್ಸಾಗಲಿಲ್ಲ, ಅಕ್ಕೋರೇ. ಮಡಚಿದೆ.

"...ಪಾಸಾಗೀನ್ರಿ ಟೀಚರ್! ಎಲ್ಲಾ ವಿಷಯದಾಗೂ!"

ಹಿಂದೆಯೇ ಅತ್ತೆಯ ಗಂಟಲು: "ಬಾಯಾರ, ಇನ್ನ ಹನ್ನೊಂದನೇ ಕ್ಲಾಸಿನ ಪುಸ್ತಕಾ ಯಾವಾಗ ತರಬೇಕ್ರಿ?"

"ನಾಳೇನ ತರ್ರಿ!" ಎಂದೆ, ಬೆರಳು ಮಡಚುವುದನ್ನೇ ಮರೆತು.

ಸಾಬಮ್ಮನಿಗೆ ಗಣಿತವೊಂದು ಉಳಿದಿದೆ. ಅತ್ತಳು, ಆಮೇಲೆ ತಾನೇ, "ನಾಳಿ ಮೂರಕ್ಕ ಕುಂದ್ರೂಣ್ರಿ" ಎಂದಳು. ಅವಳನ್ನು ಅರ್ಧಕ್ಕೆ ಬಿಡುವುದಿಲ್ಲ; ಇದು ನಿಮಗೆ ನನ್ನ ಲಿಖಿತ ಮಾತು.

ನಿಮ್ಮ ವಿಧೇಯ ಕಿರಿಯಳು,
ಶಾಂತಾಬಾಯಿ

ಲಗತ್ತುಗಳು:
೧. ಮಲ್ಲಮ್ಮನ ಫಲಿತಾಂಶದ ಪ್ರತಿ.
೨. ಸಾಬಮ್ಮನ ಮರುಪರೀಕ್ಷೆಯ ಅರ್ಜಿಯ ನಕಲು, ಸಹಿ ಅವಳದೇ.
೩. ನೀವು ಕಾಯ್ದಿಟ್ಟ ನೋಟುಪುಸ್ತಕದ ಆ ಹಾಳೆ. "ಮಳೆ ನಿಂತ ಮೇಲೆ ದೂರದ ಹಕ್ಕಿಗಳು ನಮ್ಮ ಕೆರೆಗೆ" ಎಂಬಲ್ಲಿಗೆ ನಿಂತಿತ್ತು. ನೀವು ಹೇಳದೆ ಬಿಟ್ಟ ಕಡೆ, ತನಗೆ ತೋಚಿದ ಎರಡು ಶಬ್ದಗಳನ್ನು ಈ ಸಂಜೆ ಶಹಾಪುರಕ್ಕೆ ಬಂದು ಮಲ್ಲಮ್ಮ ತನ್ನ ಕೈಯಿಂದಲೇ ಬರೆದಿದ್ದಾಳೆ: "ಮರಳಿ ಬರುತ್ತವೆ." ತಿದ್ದುವಂಥದೇನೂ ಇಲ್ಲ.