ಸೋದರಮಾವನ ನುಣುಪು ಕಾಲು

ಫೆಬ್ರವರಿ ಮೂವತ್ತೊಂದು, ೨೩೮೮
(ನಮ್ಮವರು ಫೆಬ್ರವರಿಯನ್ನು ಉದ್ದ ಮಾಡಿದ್ದಾರೆ, ಗಾಬರಿಯಾಗಬೇಡಿ.)

ಅಜ್ಜಿಯರ ಅಜ್ಜಿಯಾದ ಸಣ್ಣಕ್ಕನವರಿಗೆ ನಿಮ್ಮ ವಂಶದ ಕುಡಿ ಚನ್ನಮಲ್ಲನ ಶರಣು. ಈ ಕಾಗದ ಕೈಸೇರುವಾಗ ನಿಮಗೆ ಇನ್ನೂ ಇಪ್ಪತ್ತು ವರ್ಷ. ಅಜ್ಜಿ ಎಂದದ್ದಕ್ಕೆ ಕ್ಷಮಿಸಿ. ನಾನು ಕಲಿತದ್ದು ಊರ ಶಾಲೆಯಲ್ಲಿ. ಆದರೂ ನಿಮ್ಮ ಹಳಗಾಲದ ಕನ್ನಡವನ್ನು ಇಷ್ಟು ಚೆನ್ನಾಗಿ ಬರೆಯುವವನು ಸುತ್ತ ಏಳು ಹಳ್ಳಿಯಲ್ಲಿ ನಾನೊಬ್ಬನೇ. ಮಾತು ವಿಚಿತ್ರ ಎನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮಲ್ಲಿ ನುಣುಪುಗಾಡಿ ಎಂಬುದು ವಾರಕ್ಕೊಮ್ಮೆ ಬೀದಿಗೆ ಬರುತ್ತದೆ. ಅದರ ಕಿಂಡಿಯಲ್ಲಿ ಕಾಲಿಟ್ಟರೆ, ಎಲೆಅಡಿಕೆ ಅಗಿಯುವಷ್ಟರಲ್ಲಿ ಸೊಳ್ಳೆ ಕಚ್ಚಿದ ಕಪ್ಪು, ಕೆರೆದುಕೊಂಡ ಗುರುತು, ಹೊಲಿಗೆಯ ಗೆರೆ ಎಲ್ಲ ಮಾಯ. ಊರಿಗೇ ಮೊದಲು ಕಾಲಿಟ್ಟವನು ನಾನು. ಈಚೆ ತೆಗೆದಾಗ ಬಾಳೆದಿಂಡು. ತಿಂಗಳುಗಟ್ಟಲೆ ಪಂಚೆ ಎತ್ತಿ ಕಟ್ಟಿಯೇ ಓಡಾಡಿದೆ. ನನ್ನನ್ನು ನೋಡಿ ಊರೆಲ್ಲ ಕಾಲಿಟ್ಟಿತು. ತಮ್ಮ ತಿಪ್ಪೇಶ ಮಾತ್ರ ಗಾಡಿಗೆ ಹೆದರಿ ಹಿತ್ತಿಲಲ್ಲಿ ಅಡಗಿದ.

ಕಲೆ ಅಪರೂಪವಾದದ್ದೇ ತಡ, ಊರವರು 'ಕಾಲೋದು', ಅಂದರೆ ಕಾಲು ಓದುವ ಹೊಸ ಶಾಸ್ತ್ರ ತೆಗೆದರು. ಮದುವೆಯಲ್ಲಿ ಸೋದರಮಾವಂದಿರು ಕಾಲು ಚಾಚಿ, ಒಂದು ಕಲೆ ತೋರಿಸಿ, ಅದರ ಕಥೆ ಹೇಳಬೇಕು. ಯಾರ ಕಥೆ ಹಿಡಿಸಿತೋ ಅವರ ತೊಡೆಯ ಮೇಲೆ ಹುಡುಗಿ ಪಾದವಿಟ್ಟು ಕಾಲುಂಗುರ ತೊಡಿಸಿಕೊಳ್ಳುತ್ತಾಳೆ. ಕಲೆಯಿಲ್ಲದವನಿಗೆ ಕಥೆಯಿಲ್ಲ. ಈಗ ಅಕ್ಕನ ಮಗಳು ಮಿಂಚುಳ್ಳಿಯ ಮದುವೆ. ಅವಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು ನಾನು. ಒಮ್ಮೆ ಜಾರಿದಾಗ ಅವಳನ್ನು ಮೇಲೆತ್ತಿ ಹಿಡಿದು ನನ್ನ ಮೊಣಕಾಲನ್ನೇ ಕಲ್ಲಿಗೆ ಕೊಟ್ಟೆ. ಆ ಕಲೆಯನ್ನು ಗಾಡಿ ನುಂಗಿತು. ತಿಪ್ಪೇಶನದೋ, ವಡೆ ಕದಿಯಲು ಹೋಗಿ ಬಾಣಲೆ ಮಗುಚಿ ಸುಟ್ಟುಕೊಂಡ ಕಾಲು. ದಿನಾ ಜಗಲಿಯಲ್ಲಿ ಕುಳಿತು ಅದಕ್ಕೆ ಎಣ್ಣೆ ಸವರುತ್ತಾನೆ. "ಅಣ್ಣ, ನಿನ್ನ ಕಾಲು ಚೆನ್ನಾಗೈತೆ ಬಿಡು. ಓದೋಕೆ ಒಂದಕ್ಷರ ಇಲ್ಲ, ಅಷ್ಟೇಯ," ಎನ್ನುತ್ತಾನೆ. ಹೆಂಗಸರು ಕಿಸಕ್ಕನೆ ನಗುತ್ತಾರೆ. ನನಗೆ ಅನ್ನ ಸೇರುವುದಿಲ್ಲ.

ಶಾಸ್ತ್ರದಲ್ಲಿ ಒಂದು ಸಂದಿಯಿದೆ. ಸ್ವಂತ ಕಲೆ ಇಲ್ಲದವನು ಹಿರಿಯರ ಕಲೆಯ ಫೋಟೊ ತೋರಿಸಬಹುದು. ಮನೆಯ ಪೆಟ್ಟಿಗೆಯನ್ನೆಲ್ಲ ಜಾಲಾಡಿದೆ. ಫೋಟೊದಲ್ಲಿ ನಿಮ್ಮ ಕಾಲದವರೆಲ್ಲ ಬೆಣ್ಣೆಯಂತಿದ್ದೀರಿ. ನಿಮ್ಮ ಮೀನಖಂಡಕ್ಕೆ ಬೈಕಿನ ಸೈಲೆನ್ಸರ್ ತಾಗಿತ್ತಂತೆ, ನೀವದಕ್ಕೆ ಲೋಳೆಸರ, ಆಲೂಗಡ್ಡೆ ರಸ, ಟ್ಯೂಬಿನ ಮುಲಾಮು ತಿಕ್ಕುತ್ತಿದ್ದಿರಂತೆ. ತಿಕ್ಕಿ, ಬೇಡವೆನ್ನಲು ನಾನ್ಯಾರು. ಅದು ಮಾಯುವ ಮೊದಲು ಒಂದೇ ಒಂದು ಫೋಟೊ ತೆಗೆದು ಪೆಟ್ಟಿಗೆಯಲ್ಲಿಡಿ, ಫೋಟೊದಲ್ಲಿ ಕಾಲನ್ನು ಬೆಳ್ಳಗೆ, ನುಣ್ಣಗೆ ತಿದ್ದದೆ. ಅದು ಯಾರ ಬೈಕು, ಎಲ್ಲಿಗೆ ಹೊರಟಿದ್ದಿರಿ ಎಂದು ಹಿಂದೆ ಬರೆಯಿರಿ. ಕೆಳಗೆ 'ಚನ್ನಮಲ್ಲನಿಗೆ ಮಾತ್ರ' ಎಂದೂ ಬರೆಯಿರಿ. ತಿಪ್ಪೇಶನೂ ನಿಮ್ಮ ಕುಡಿಯೇ.

ನಾಳೆ ಬೆಳಗ್ಗೆ ಪೆಟ್ಟಿಗೆಯನ್ನು ಇನ್ನೊಮ್ಮೆ ತೆರೆಯುತ್ತೇನೆ. ಹುಡುಗಿಯ ಪಾದ ಬಹಳ ಹಗುರ, ನನ್ನ ಹೆಗಲಿಗೆ ಗೊತ್ತು.